ನಾಲ್ಕೂ ಚಕ್ರ ತಿರುಗಿದರೂ ಶಿಳ್‌ಫಾಟಾ ದಾಟಬೇಕಲ್ಲ!

ಮಳೆಗಾಲದ ಸಂಜೆ ಏಳು ಗಂಟೆಗೆ ಠಾಣೆ ಬಳಿಯ ಶಿಳ್‌ಫಾಟಾ ನಾಕಾದಲ್ಲಿ ಎಲ್ಲ ಕಾರುಗಳೂ ಒಂದೇ ಜಾತಿ. ಕಲ್ಯಾಣ, ಡೊಂಬಿವಲಿ ಕಡೆಯಿಂದ ಬಂದವು, ಮುಂಬ್ರಾ ಬೈಪಾಸ್ ಇಳಿದು ಬಂದವು, ಮಹಾಪೆಯಿಂದ ಗುಡ್ಡ ದಾಟಿ ಬಂದವು, ಉರಣದ ಬಂದರಿಗೆ ಹೊರಟ ಕಂಟೇನರ್ ಲಾರಿಗಳು, ಎಲ್ಲವೂ ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿರುತ್ತವೆ. ನಡುವೆ ಎಂ.ಎಚ್. 43 ನಂಬರಿನ ಒಂದು ಜರ್ಮನ್ ಸೆಡಾನ್. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಐದು ಸೆಕೆಂಡೂ ಬೇಡ. ಪಕ್ಕದಲ್ಲಿ ಎಂ.ಎಚ್. 05ರ ಹಳೆಯ ವ್ಯಾಗನ್‌ಆರ್. ಇಬ್ಬರು ಚಾಲಕರೂ ಹದಿನೈದು ನಿಮಿಷದಿಂದ ಅದೇ ಹೋರ್ಡಿಂಗ್ ಓದುತ್ತಿದ್ದಾರೆ.

ಈ ಭಾಗದಲ್ಲಿ ಕಾರು ಯಾವ ಊರಿನದೆಂದು ನಂಬರ್ ಪ್ಲೇಟೇ ಹೇಳಿಬಿಡುತ್ತದೆ. ಠಾಣೆಗೆ 04, ಕಲ್ಯಾಣ–ಡೊಂಬಿವಲಿಗೆ 05, ನವಿಮುಂಬಯಿಗೆ 43, ಪನ್ವೆಲ್‌ಗೆ 46. ಹಿಂದೆ ಈ ನಂಬರುಗಳ ದುಬಾರಿ ಸೆಡಾನ್ ಕಂಡರೆ ಯಾರೋ ಬಿಲ್ಡರ್ ಇರಬೇಕು ಅನ್ನುತ್ತಿದ್ದರು. ಈಗ ಹಾಗಿಲ್ಲ. ಐರೋಲಿ, ಘಣ್‌ಸೋಲಿಯ ಐಟಿ ಕಚೇರಿಗಳಲ್ಲಿ ದುಡಿಯುವವರು, ಘೋಡ್‌ಬಂದರ್ ರಸ್ತೆಯ ಡಾಕ್ಟರುಗಳು, ಊರಿಂದ ಬಂದು ಹೋಟೆಲು ಕಟ್ಟಿದವರ ಎರಡನೇ ತಲೆಮಾರು, ಇವರ ಸೊಸೈಟಿ ಪಾರ್ಕಿಂಗಿನಲ್ಲೂ ಆಲ್ ವೀಲ್ ಡ್ರೈವ್ ಸೆಡಾನ್ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ನಮ್ಮ ಕನ್ನಡ ಸಂಘಗಳ ಸಮಾರಂಭಗಳಲ್ಲಿ, ಮದುವೆ ಹಾಲ್‌ಗಳ ಹೊರಗೆ, ಊಟದ ಸಾಲಿನಲ್ಲಿ ಇಂಥ ಮಾಲೀಕರ ಮಾತಿಗೆ ಕಿವಿಗೊಡುವುದು ನನ್ನ ಹಳೆಯ ಚಟ. ಕೊಳ್ಳುವಾಗ ಎಲ್ಲರೂ ಹೇಳುವ ಕಾರಣ ಹೆಚ್ಚು ಕಡಿಮೆ ಒಂದೇ: ಇಲ್ಲಿ ಮಳೆ ಜೋರು, ಊರಿಗೆ ಹೋಗುವ ದಾರಿಯಲ್ಲಿ ಘಟ್ಟ, ನಾಲ್ಕೂ ಚಕ್ರ ಎಳೆದರೆ ಒಳ್ಳೆಯದಲ್ಲವೇ? ಒಂದೆರಡು ಮಳೆಗಾಲ ಕಳೆದ ಮೇಲೆ ಅದೇ ಜನ ಆಡುವ ಮಾತು ಬೇರೆ. ಈ ಲೇಖನ ಆ ಎರಡನೇ ಮಾತಿನ ಕುರಿತು.

ಮೊದಲು ವಿಷಯ ಏನೆಂದು ನೋಡೋಣ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಹೋಗುತ್ತಿತ್ತು. ಈಗ ನಮ್ಮ ಬೀದಿಯಲ್ಲಿ ಓಡುವ ಹೋಂಡಾ ಸಿಟಿ, ವರ್ನಾ, ಸ್ಲಾವಿಯಾ, ವರ್ಟಸ್ ಎಲ್ಲವೂ ಮುಂದಿನ ಎರಡು ಚಕ್ರದಿಂದ ಎಳೆಯುವಂಥವು. ನಾಲ್ಕಕ್ಕೂ ಶಕ್ತಿ ಕೊಡುವ ಯೋಚನೆ ಜೀಪಿಗಿಂತಲೂ ಹಳೆಯದು. ಆದರೆ ಮನೆಮಂದಿಯ ಕಾರಿಗೆ ಅದು ಬಂದದ್ದು ಹಿಮದ ಊರುಗಳ ಒತ್ತಾಯದಿಂದ. ಜಪಾನಿನ ಉತ್ತರದ ತೊಹೊಕು ವಿದ್ಯುತ್ ಕಂಪನಿಯವರಿಗೆ ಚಳಿಗಾಲದಲ್ಲಿ ಬೆಟ್ಟದ ಮೇಲಿನ ತಂತಿ ದುರಸ್ತಿಗೆ ಹೋಗಲು ಜೀಪಿಗಿಂತ ಬೆಚ್ಚಗಿನ, ಹಿತವಾದ ಗಾಡಿ ಬೇಕಿತ್ತು. ಅವರ ಬೇಡಿಕೆಯಿಂದ ಹುಟ್ಟಿದ ಪ್ರಯೋಗವೇ 1972ರಲ್ಲಿ ಸುಬಾರು ಲಿಯೋನ್ ಎಸ್ಟೇಟ್ ಆಗಿ ಮಾರುಕಟ್ಟೆಗೆ ಬಂತು. ಜರ್ಮನಿಯಲ್ಲಿ ಆಡಿ ಕಂಪನಿಯ ಎಂಜಿನಿಯರುಗಳು ಫಿನ್‌ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಸುತ್ತಿದ್ದಾಗ, ಕಡಿಮೆ ಶಕ್ತಿಯ ಒಂದು ಸೇನಾ ಜೀಪು ತಮ್ಮ ಬಲಿಷ್ಠ ಕಾರುಗಳನ್ನು ಹಿಂದೆ ಹಾಕುವುದನ್ನು ಕಂಡು ಬೆರಗಾದರು. ಅದರ ಫಲ 1980ರ ಜಿನೀವಾ ಪ್ರದರ್ಶನದಲ್ಲಿ ಹೊರಬಂದ ಕ್ವಾಟ್ರೊ. ಎರಡೂ ಕಥೆಗಳ ತಳದಲ್ಲಿ ಹಿಮವಿದೆ. ಡೊಂಬಿವಲಿಯಲ್ಲಿ ಎಂದೂ ಹಿಮ ಬಿದ್ದಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಶಕ್ತಿ ಹಂಚುವ ರೀತಿಯೂ ಒಂದೇ ಅಲ್ಲ. ಕೆಲವು ಕಾರುಗಳಲ್ಲಿ ನಡುವೆ ಒಂದು ಡಿಫರೆನ್ಷಿಯಲ್ ಸದಾ ಕೆಲಸ ಮಾಡುತ್ತಿರುತ್ತದೆ. ಮುಂದೆ ಹಿಂದೆ ಎರಡೂ ಕಡೆ ಯಾವಾಗಲೂ ಶಕ್ತಿ. ಇನ್ನು ಕೆಲವಲ್ಲಿ ಸಾಮಾನ್ಯ ಹೊತ್ತಿನಲ್ಲಿ ಮುಂದಿನ ಚಕ್ರ ಮಾತ್ರ ಎಳೆಯುತ್ತದೆ. ಅದು ಜಾರಿತೋ ಇಲ್ಲವೋ ಅನ್ನುವಷ್ಟರಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳು ಬಿಗಿದುಕೊಂಡು ಹಿಂದಿನ ಚಕ್ರಕ್ಕೂ ಪಾಲು ಕಳಿಸುತ್ತವೆ. ಇದಕ್ಕೆ ಹಾಲ್ಡೆಕ್ಸ್ ಎಂದು ಹೆಸರು, ಸ್ವೀಡನ್ನಿನ ಕಂಪನಿಯೊಂದರದು. ಮೂರನೆಯದು ಎಲೆಕ್ಟ್ರಿಕ್ ಕಾರುಗಳದು: ಮುಂದೊಂದು ಮೋಟಾರು, ಹಿಂದೊಂದು ಮೋಟಾರು, ನಡುವೆ ಶಾಫ್ಟೂ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ.

ಭಾರತದಲ್ಲಿ ಇಂಥ ಸೆಡಾನುಗಳ ಚರಿತ್ರೆ ಚಿಕ್ಕದು. 2009ರಲ್ಲಿ ಬಂದ ಎರಡನೇ ತಲೆಮಾರಿನ ಸ್ಕೋಡಾ ಸೂಪರ್ಬ್‌ನಲ್ಲಿ 3.6 ಲೀಟರಿನ ವಿ6 ಎಂಜಿನ್ನಿಗೆ ನಾಲ್ಕೂ ಚಕ್ರದ ಎಳೆತ ಇತ್ತು. ಹೊರಗಿನಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರರ ಕಾರು, ಒಳಗೆ ಬೇರೆಯೇ ಪ್ರಾಣಿ. ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ 2010ರ ಸುಮಾರಿಗೆ ಬಂದು ಹೋಯಿತು. ಆಡಿಯ ಎ4, ಎ6 ಡೀಸೆಲುಗಳಲ್ಲಿ ಕೆಲಕಾಲ ಕ್ವಾಟ್ರೊ ಸಿಕ್ಕಿತು. ಸುಬಾರು ತನ್ನ ಹೆಸರಿನಲ್ಲಿ ಇಲ್ಲಿ ಅಂಗಡಿ ತೆರೆಯಲೇ ಇಲ್ಲ. ಅದರ ಫಾರೆಸ್ಟರ್ ಒಂದು ಷೆವರ್ಲೆ ಚಿಹ್ನೆ ಅಂಟಿಸಿಕೊಂಡು ಕೆಲವು ವರ್ಷ ಓಡಾಡಿತು. 2021ರ ಮಾರ್ಚ್‌ನಲ್ಲಿ ಬಿಎಂಡಬ್ಲ್ಯು ಎಂ340ಐ ಬಂತು, ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಜೋಡಿಸಿದ್ದು, ಆರು ಸಿಲಿಂಡರು, 387 ಅಶ್ವಶಕ್ತಿ, ಆಗಿನ ಶೋರೂಮ್ ಬೆಲೆ 62.90 ಲಕ್ಷ ರೂಪಾಯಿ. 2024ರ ಮಾರ್ಚ್‌ನಲ್ಲಿ ಚೀನಾದ ಬಿವೈಡಿ ಸೀಲ್ ಬಂತು. ಅದರ ಎರಡು ಮೋಟಾರಿನ ಪರ್ಫಾರ್ಮೆನ್ಸ್ ಮಾದರಿಗೆ ಆಗ 53 ಲಕ್ಷ, 530 ಅಶ್ವಶಕ್ತಿ, ನೂರು ಮುಟ್ಟಲು 3.8 ಸೆಕೆಂಡು.

ಈ ಪಟ್ಟಿಯಲ್ಲಿ ನಮ್ಮ ರಸ್ತೆಗಳನ್ನು ನೋಡಿ ಮಾಡಿದಂತಿದ್ದ ಕಾರು ಒಂದೇ ಒಂದು. ವೋಲ್ವೊ ಎಸ್60 ಕ್ರಾಸ್ ಕಂಟ್ರಿ, 2016ರ ಮಾರ್ಚ್‌ನಲ್ಲಿ 38.9 ಲಕ್ಷಕ್ಕೆ ಬಿಡುಗಡೆಯಾದದ್ದು. ಸೆಡಾನೇ, ಡೀಸೆಲ್ಲೇ, ನಾಲ್ಕೂ ಚಕ್ರದ ಎಳೆತ. ಅದರ ಮೇಲೆ ನೆಲದಿಂದ 201 ಮಿಲಿಮೀಟರ್ ಎತ್ತರ. ಜನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ದುಡ್ಡು ಕೊಡುವವರಿಗೆ ಎತ್ತರದ ಎಸ್‌ಯುವಿ ಬೇಕಿತ್ತು, ಇಲ್ಲವೇ ತಗ್ಗಿನ ಸ್ಪೋರ್ಟ್ಸ್ ಸೆಡಾನ್ ಬೇಕಿತ್ತು. ನಡುವಿನ ವಿವೇಕಕ್ಕೆ ಗಿರಾಕಿ ಇರಲಿಲ್ಲ. ನನ್ನ ಪರಿಚಯದ ಠಾಣೆಯ ಡಾಕ್ಟರೊಬ್ಬರು ಅದನ್ನು ಇಟ್ಟುಕೊಂಡಿದ್ದಾರೆ. ಮಾರುವ ಮಾತೆತ್ತಿದರೆ ಸಿಡುಕುತ್ತಾರೆ. ಗಾಯ್‌ಮುಖ ಘಾಟಿನ ಗುಂಡಿಗಳನ್ನು ದಿನವೂ ದಾಟುವ ಅವರು ಮೆಚ್ಚುವುದು ಅದರ ಎತ್ತರವನ್ನು. ಎಳೆತದ ಬಗ್ಗೆ ಕೇಳಿದರೆ ಒಂದು ಗಳಿಗೆ ಯೋಚಿಸಿ, ಇದೆ ಅಂತ ಗೊತ್ತು, ಕೆಲಸಕ್ಕೆ ಬಂದದ್ದು ನೆನಪಿಲ್ಲ ಅನ್ನುತ್ತಾರೆ.

ಮಾಲೀಕರ ಅನುಭವದ ಸಾರ ಅಲ್ಲೇ ಇದೆ. ಠಾಣೆಯಿಂದ ಪನ್ವೆಲ್‌ವರೆಗಿನ ಈ ಪಟ್ಟಿಯಲ್ಲಿ ಕಾರಿಗೆ ಎದುರಾಗುವ ಕಷ್ಟಗಳು ಮೂರು: ಗುಂಡಿ, ನೀರು, ಜನಸಂದಣಿ. ಮೂರಕ್ಕೂ ನಾಲ್ಕು ಚಕ್ರದ ಎಳೆತದಲ್ಲಿ ಉತ್ತರವಿಲ್ಲ. ಗುಂಡಿಗೆ ಬೇಕಾದದ್ದು ಎತ್ತರ ಮತ್ತು ದಪ್ಪ ಅಂಚಿನ ಟೈರು. ಬಿವೈಡಿ ಸೀಲ್‌ನ ಹೊಟ್ಟೆ ನೆಲದಿಂದ 145 ಮಿಲಿಮೀಟರ್ ಮೇಲಿದೆ. ಹತ್ತು–ಹನ್ನೆರಡು ಲಕ್ಷದಿಂದ ಶುರುವಾಗುವ ಸ್ಲಾವಿಯಾದ್ದು 179. ಡೊಂಬಿವಲಿ ಪೂರ್ವದ ಒಳರಸ್ತೆಯಲ್ಲಿ ಪೇವರ್ ಬ್ಲಾಕ್ ಎದ್ದು ಕುಳಿತ ಕಡೆ, ಸೊಸೈಟಿಯವರು ತಮ್ಮ ಮನಸ್ಸಿಗೆ ಬಂದಷ್ಟು ಎತ್ತರ ಹಾಕಿಸಿದ ಹಂಪ್‌ಗಳ ಮೇಲೆ, ಆ 34 ಮಿಲಿಮೀಟರ್ ವ್ಯತ್ಯಾಸ 530 ಅಶ್ವಶಕ್ತಿಗಿಂತ ದೊಡ್ಡದು. ಖಾರ್‌ಘರ್‌ನಲ್ಲಿ ಎಲೆಕ್ಟ್ರಿಕ್ ಸೆಡಾನ್ ಇಟ್ಟುಕೊಂಡವರೊಬ್ಬರು ಮನೆಗೆ ಹೋಗುವ ದಾರಿಯ ಹಂಪ್‌ಗಳನ್ನೆಲ್ಲ ಮನಸ್ಸಿನಲ್ಲೇ ನಕ್ಷೆ ಮಾಡಿಟ್ಟುಕೊಂಡಿದ್ದಾರೆ. ಯಾವುದನ್ನು ನೇರವಾಗಿ ಹತ್ತಬೇಕು, ಯಾವುದನ್ನು ಓರೆಯಾಗಿ ಹತ್ತಬೇಕು ಎಂದು ಅವರ ಹೆಂಡತಿಗೂ ಬಾಯಿಪಾಠ. ನಾಲ್ಕು ಜನ ಕೂತು ಡಿಕ್ಕಿ ತುಂಬಿದ ದಿನ ಓರೆಯೂ ಸಾಲುವುದಿಲ್ಲ. ಅಂದು ಅವರು ಹಳೆಯ ಎರ್ಟಿಗಾ ತೆಗೆಯುತ್ತಾರೆ.

ಎತ್ತರದ ವಿಚಾರದಲ್ಲಿ ಸರ್ಕಾರದ್ದೂ ಒಂದು ಪಾಲಿತ್ತು. ಜಿಎಸ್‌ಟಿಯ ಹಳೆಯ ಲೆಕ್ಕದಲ್ಲಿ ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಎತ್ತರ ಇದ್ದರೆ ಸೆಸ್ಸು ಸೇರಿ ತೆರಿಗೆ 50 ಪ್ರತಿಶತ. ತಗ್ಗಿನ ದೊಡ್ಡ ಸೆಡಾನಿಗೆ 48. 2023ರ ಜುಲೈಯಲ್ಲಿ ಜಿಎಸ್‌ಟಿ ಮಂಡಳಿ ಆ 170 ಮಿಲಿಮೀಟರನ್ನು ಅಳೆಯಬೇಕಾದದ್ದು ಖಾಲಿ ಕಾರಿನಲ್ಲಿ ಎಂದೂ ಸ್ಪಷ್ಟಪಡಿಸಿತು. ಗುಂಡಿಯ ದೇಶದಲ್ಲಿ ಕಾರು ಎತ್ತರ ಇರುವುದೂ ಐಷಾರಾಮ ಅನ್ನಿಸಿಕೊಂಡಿತ್ತು! 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 40 ಪ್ರತಿಶತ, ಎಲೆಕ್ಟ್ರಿಕ್ ಕಾರಿಗೆ 5. ಅದರ ಮೇಲೆ ಮಹಾರಾಷ್ಟ್ರದ ರಸ್ತೆ ತೆರಿಗೆ: 20 ಲಕ್ಷಕ್ಕೆ ಮೇಲ್ಪಟ್ಟ ಪೆಟ್ರೋಲ್ ಕಾರಿಗೆ 13 ಪ್ರತಿಶತ. ಅರವತ್ತೆರಡು ಲಕ್ಷದ ಕಾರಿಗೆ ಬರೀ ಇದೇ ಎಂಟು ಲಕ್ಷ ದಾಟುತ್ತದೆ. ನಿವೃತ್ತಿಯಾಗಿ ಉಡುಪಿಗೋ ಕುಂದಾಪುರಕ್ಕೋ ವಾಪಸು ಹೋಗುವ ಯೋಚನೆ ಇದ್ದವರಿಗೆ ಇನ್ನೊಂದು ಮಾತು: ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಗಾಡಿ ಇಟ್ಟರೆ ಅಲ್ಲಿನ ನಂಬರು ಮಾಡಿಸಬೇಕು. ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಹೊಸ ಕಾರಿಗೆ ಕರ್ನಾಟಕದ ಆಜೀವ ತೆರಿಗೆಯ ದರ 18 ಪ್ರತಿಶತ. ಹಳೆಯ ಗಾಡಿಗೆ ವಯಸ್ಸಿನ ಮೇಲೆ ಇಳಿಯುತ್ತದಾದರೂ, ಅಗ್ಗವೇನಲ್ಲ.

ನೀರಿನ ಮಾತಿಗೆ ಬರೋಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದ್ಲಾಪುರದ ತಗ್ಗು ಪ್ರದೇಶಗಳಿಗೆ ನುಗ್ಗಿತು. ಕಾರಿನೊಳಗೇ ಸಿಕ್ಕಿಕೊಂಡು, ವಿದ್ಯುತ್ ಕಿಟಕಿ ಕೆಲಸ ಮಾಡದೆ, ಉಸಿರುಕಟ್ಟಿ ಸತ್ತವರಿದ್ದರು. ಆ ವರ್ಷದ ನಂತರ ಈ ಕಡೆಯ ಎಷ್ಟೋ ಜನ ಸೀಟಿನ ಪಕ್ಕ ಚಿಕ್ಕ ಸುತ್ತಿಗೆ ಇಡುವುದನ್ನು ರೂಢಿಸಿಕೊಂಡರು. 2019ರ ಜುಲೈ 27ರಂದು ಬದ್ಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲೇ ನೀರಿನ ನಡುವೆ ನಿಂತುಬಿಟ್ಟಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಕೊಲ್ಹಾಪುರಕ್ಕೆ ಹೋಗುವ ಆ ರೈಲಿನಲ್ಲಿ ಗಡಿ ಭಾಗದ ಕನ್ನಡಿಗರೂ ಓಡಾಡುತ್ತಾರೆ, ಹಾಗಾಗಿ ಅಂದು ನಮ್ಮ ಮನೆಗಳ ಫೋನುಗಳೂ ಸುಮ್ಮನಿರಲಿಲ್ಲ.

ಇಂಥ ನೀರಿನ ಎದುರು ಆಲ್ ವೀಲ್ ಡ್ರೈವ್ ಏನು ಮಾಡೀತು? ಸುಮಾರು ಒಂದಡಿ ಹರಿಯುವ ನೀರು ಚಿಕ್ಕ ಕಾರನ್ನು ಅಲುಗಾಡಿಸುತ್ತದೆ, ಎರಡಡಿ ನೀರು ಹೆಚ್ಚಿನ ಕಾರುಗಳನ್ನು ತೇಲಿಸಿಬಿಡುತ್ತದೆ. ತೇಲುವ ಕಾರಿಗೆ ಎರಡು ಚಕ್ರ ತಿರುಗಿದರೂ ಒಂದೇ, ನಾಲ್ಕು ತಿರುಗಿದರೂ ಒಂದೇ. ತೇಲುವುದಕ್ಕೂ ಮುಂಚೆ ಇನ್ನೊಂದು ಅಪಾಯವಿದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಸೆಡಾನಿನಲ್ಲಿ ತಗ್ಗಿನಲ್ಲಿರುತ್ತದೆ. ಅದರಿಂದ ನೀರು ಒಳಗೆ ಹೋದರೆ ಸಿಲಿಂಡರಿನಲ್ಲಿ ಒತ್ತಲು ಹೋದ ಪಿಸ್ಟನ್ನಿಗೆ ಗಾಳಿಯ ಬದಲು ನೀರು ಸಿಗುತ್ತದೆ. ನೀರು ಕುಗ್ಗುವುದಿಲ್ಲ, ಹಾಗಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನನ್ನ ನೆಂಟರೊಬ್ಬರ ಯುರೋಪಿಯನ್ ಸೆಡಾನ್ ಹೀಗೆಯೇ ಕೂತಿತು, ಕಲ್ಯಾಣದ ಒಂದು ಸಬ್‌ವೇ ಹತ್ತಿರ. ನಾಲ್ಕು ಚಕ್ರದ ಕಾರು, ದಾಟಿಬಿಡುತ್ತದೆ ಎಂಬ ಧೈರ್ಯದಿಂದಲೇ ಅವರು ನೀರಿಗಿಳಿದದ್ದು. ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದರು. ಅದು ಹಾನಿಯನ್ನು ಪೂರ್ಣಗೊಳಿಸಿತು. ಮಾಮೂಲಿ ವಿಮೆ ಇದಕ್ಕೆ ಹಣ ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ತೆಗೆದುಕೊಂಡಿರಬೇಕು ಎಂಬುದು ಆಮೇಲೆ ಗೊತ್ತಾಯಿತು. ವ್ಯಾಗನ್‌ಆರ್ ಇದ್ದಿದ್ದರೆ ಅವರು ನೀರಿಗಿಳಿಯುತ್ತಲೇ ಇರಲಿಲ್ಲ ಎಂದು ಅವರ ಮಗನ ವಾದ. ನನಗೂ ಅದು ಸರಿ ಅನ್ನಿಸುತ್ತದೆ.

ಹಾಗಾದರೆ ಈ ವ್ಯವಸ್ಥೆ ನಿಷ್ಪ್ರಯೋಜಕವೇ? ಅಲ್ಲ. ಒದ್ದೆ ರಸ್ತೆಯಲ್ಲಿ ನಿಂತಲ್ಲಿಂದ ಹೊರಡುವಾಗ, ಏರಿನಲ್ಲಿ ತಿರುಗಿಕೊಂಡೇ ಮೇಲೇರುವಾಗ, ಕೆಸರಿನ ಪಾರ್ಕಿಂಗ್ ಮೈದಾನದಿಂದ ಹೊರಬರುವಾಗ ಅದರ ಗುಣ ಕಾಣುತ್ತದೆ. ಮುಂದಿನ ಚಕ್ರದ ಬಲವಾದ ಕಾರಿನಲ್ಲಿ ಮಳೆಯ ದಿನ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಟೈರು ಕಿರುಚಿ ಸ್ಟಿಯರಿಂಗ್ ಕೈಯಲ್ಲಿ ಎಳೆದಾಡುತ್ತದೆ. ನಾಲ್ಕಕ್ಕೂ ಹಂಚಿದಾಗ ಕಾರು ಸದ್ದಿಲ್ಲದೆ ಹೊರಟುಬಿಡುತ್ತದೆ. 300, 400 ಅಶ್ವಶಕ್ತಿಯ ಕಾರಿಗೆ ಈ ಹಂಚಿಕೆ ಅಗತ್ಯವೇ. ಎರಡೇ ಚಕ್ರಕ್ಕೆ ಅಷ್ಟನ್ನು ಸುರಿದರೆ ಟೈರು ಸವೆಯುವುದೇ ಕೆಲಸ. ಆದರೆ ಮರೆಯಬಾರದ ಸಂಗತಿ ಇದು: ಎಲ್ಲ ಕಾರುಗಳಿಗೂ ಬ್ರೇಕು ನಾಲ್ಕೂ ಚಕ್ರಕ್ಕೆ ಇದೆ. ಹೊರಡುವಾಗ ಸಿಗುವ ಲಾಭ ನಿಲ್ಲಿಸುವಾಗ ಇಲ್ಲ. ಹೊರಡುವುದು ಸುಲಭವಾದಷ್ಟೂ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಚಾಲಕನಿಗೆ ತಡವಾಗಿ ತಿಳಿಯುತ್ತದೆ, ಬ್ರೇಕ್ ಒತ್ತಿದ ಕ್ಷಣಕ್ಕೆ.

2025ರ ಜುಲೈ 4ರಂದು ಕಲ್ಯಾಣ–ಶಿಳ್ ರಸ್ತೆಯಲ್ಲಿ ಪಲಾವಾ ಮೇಲುಸೇತುವೆ ಉದ್ಘಾಟನೆಯಾಯಿತು. ಜನ ವರ್ಷಗಳಿಂದ ಕಾದಿದ್ದ ಸೇತುವೆ. ಕೆಲವೇ ಗಂಟೆಗಳಲ್ಲಿ ಅದನ್ನು ಮುಚ್ಚಬೇಕಾಯಿತು. ಮೇಲ್ಮೈ ಜಾರುತ್ತಿತ್ತು, ದ್ವಿಚಕ್ರ ಸವಾರರು ಬೀಳತೊಡಗಿದ್ದರು. ಹೊಸ ಡಾಂಬರಿನ ಮೇಲೆ ಮಳೆ ಬಿದ್ದಾಗ ಎಷ್ಟು ಚಕ್ರ ಎಳೆಯುತ್ತಿವೆ ಅನ್ನುವುದು ದೊಡ್ಡ ಪ್ರಶ್ನೆಯಲ್ಲ. ರಬ್ಬರು ನೆಲವನ್ನು ಹಿಡಿಯುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ.

ಟೈರಿನ ಕಥೆ ಆಲ್ ವೀಲ್ ಡ್ರೈವ್ ಮಾಲೀಕರಿಗೆ ಇನ್ನೊಂದು ಬಗೆಯಲ್ಲಿಯೂ ತಟ್ಟುತ್ತದೆ, ನೇರ ಜೇಬಿಗೆ. ಹೊಸ ಟೈರಿನಲ್ಲಿ ಸುಮಾರು 8 ಮಿಲಿಮೀಟರ್ ಆಳದ ಗೀರುಗಳಿರುತ್ತವೆ. ಸವೆದಂತೆ ಟೈರಿನ ಸುತ್ತಳತೆ ಕಡಿಮೆಯಾಗುತ್ತದೆ. ಮಾಮೂಲಿ ಕಾರಿನಲ್ಲಿ ಗುಂಡಿಗೆ ಬಿದ್ದು ಒಂದು ಟೈರು ಹರಿದರೆ ಒಂದನ್ನೇ, ಹೆಚ್ಚೆಂದರೆ ಜೊತೆಯದನ್ನೂ ಬದಲಿಸಿದರಾಯಿತು. ನಾಲ್ಕೂ ಚಕ್ರ ಒಂದಕ್ಕೊಂದು ಯಂತ್ರದ ಮೂಲಕ ಕಟ್ಟಿಕೊಂಡ ಕಾರಿನಲ್ಲಿ ಹಾಗೆ ಮಾಡಿದರೆ ಹೊಸ ಟೈರು ಮತ್ತು ಹಳೆಯ ಟೈರುಗಳ ತಿರುಗುವ ಲೆಕ್ಕ ತಾಳೆಯಾಗುವುದಿಲ್ಲ. ಆ ತಾಳೆ ತಪ್ಪಿದ್ದನ್ನು ನಡುವಿನ ಕ್ಲಚ್ಚು ಅಥವಾ ಡಿಫರೆನ್ಷಿಯಲ್ ಹಗಲಿರುಳು ಸರಿದೂಗಿಸುತ್ತ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ಮೂರು ಟೈರು ಅರ್ಧ ಸವೆದಿದ್ದರೆ ನಾಲ್ಕನ್ನೂ ಹೊಸದು ಹಾಕಿಸಿ ಎನ್ನುತ್ತದೆ ವರ್ಕ್‌ಶಾಪು. ಘೋಡ್‌ಬಂದರ್ ರಸ್ತೆಯ ಒಂದು ಗುಂಡಿ ನಾಲ್ಕು ಟೈರಿನ ಖರ್ಚು ತರುತ್ತದೆ. ಇಂಥ ಕಾರುಗಳಲ್ಲಿ ಹಲವಕ್ಕೆ ಸ್ಟೆಪ್ನಿಯೂ ಇರುವುದಿಲ್ಲ, ಒಂದು ಗೋಂದಿನ ಡಬ್ಬಿ ಮತ್ತು ಪಂಪು ಕೊಟ್ಟಿರುತ್ತಾರೆ. ಬದಿ ಹರಿದ ಟೈರಿಗೆ ಗೋಂದು ಹಿಡಿಯುವುದಿಲ್ಲ.

ಅದಿರಲಿ, ಟೋಯಿಂಗ್ ಗಾಡಿಯ ಭಯ ನನಗೆ ಇತ್ತೀಚೆಗೆ ತಿಳಿದದ್ದು. ನೌಪಾಡಾದಲ್ಲೋ ವಾಶಿಯಲ್ಲೋ ನೋ ಪಾರ್ಕಿಂಗಿನಲ್ಲಿ ನಿಲ್ಲಿಸಿದ ಕಾರಿನ ಎರಡು ಚಕ್ರ ಎತ್ತಿ, ಉಳಿದೆರಡನ್ನು ನೆಲದ ಮೇಲೆ ಉರುಳಿಸಿಕೊಂಡು ಒಯ್ಯುತ್ತಾರಲ್ಲ, ಆ ಕ್ರಮ ಈ ಕಾರುಗಳಿಗೆ ಆಗದು. ನಾಲ್ಕೂ ಚಕ್ರ ಎತ್ತಿ ಚಪ್ಪಟೆ ಲಾರಿಯ ಮೇಲೆ ಸಾಗಿಸಬೇಕು. ಒಬ್ಬ ಮಾಲೀಕರು ಇದೇ ಕಾರಣಕ್ಕೆ ಎಂದೂ ನೋ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸುವುದಿಲ್ಲ. ಸಂಚಾರ ಶಿಸ್ತಿಗೆ ಈ ತಂತ್ರಜ್ಞಾನದಿಂದ ಆದ ಲಾಭವೆಂದರೆ ಇದೊಂದೇ ಇರಬೇಕು.

ಹಾಲ್ಡೆಕ್ಸ್ ಬಗೆಯ ಗಾಡಿಗಳಲ್ಲಿ ಕ್ಲಚ್ಚಿನ ಎಣ್ಣೆಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಕೊಂಡವರಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇರುವುದಿಲ್ಲ. ಹಳೆಯ ಮಾಲೀಕರು ಮಾಡಿಸಿರುವುದಿಲ್ಲ, ಬೀದಿ ಮೆಕ್ಯಾನಿಕ್ಕಿಗೆ ಅಂಥದೊಂದು ಇದೆಯೆಂದೇ ತಿಳಿದಿರುವುದಿಲ್ಲ. ಎಣ್ಣೆ ಕೆಟ್ಟು ಪಂಪಿನ ಜಾಲರಿ ಕಟ್ಟಿಕೊಂಡ ಮೇಲೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ನಿಂತಿರುತ್ತದೆ. ಕಾರು ಎಂದಿನಂತೆ ಓಡುತ್ತಿರುತ್ತದೆ, ಮುಂದಿನ ಎರಡು ಚಕ್ರದಲ್ಲಿ. ತನ್ನದು ನಾಲ್ಕು ಚಕ್ರದ ಗಾಡಿ ಎಂದು ಹೇಳಿಕೊಂಡು ಎರಡು ಚಕ್ರದ ಗಾಡಿ ಓಡಿಸುತ್ತಿರುವವರು ಈ ಭಾಗದಲ್ಲಿ ಖಂಡಿತ ಇದ್ದಾರೆ. ಅವರಿಗದು ಗೊತ್ತಾಗಿಲ್ಲ ಅನ್ನುವುದೇ ಇಲ್ಲಿ ಅದರ ಅಗತ್ಯ ಎಷ್ಟು ಎಂಬುದಕ್ಕೆ ಸಾಕ್ಷಿ.

ಊರಿಗೆ ಹೋಗುವ ದಾರಿ ಮಾತ್ರ ಬೇರೆ ಲೆಕ್ಕ. ಮುಂಬಯಿ ಭಾಗದ ತುಳುನಾಡಿನವರಿಗೆ ಕಾರು ಕೊಳ್ಳುವುದರ ಅರ್ಧ ಕಾರಣವೇ ಚೌತಿಗೆ, ನೇಮಕ್ಕೆ, ಮನೆಯ ಪೂಜೆಗೆ ಊರು ಮುಟ್ಟುವುದು. ಸುಮಾರು 900 ಕಿಲೋಮೀಟರಿನ ಈ ಓಟಕ್ಕೆ ಎರಡು ದಾರಿ. ಒಂದು ಕೊಂಕಣದ 66ನೇ ಹೆದ್ದಾರಿ, ಕಶೇಡಿ, ಪರಶುರಾಮ ಘಾಟುಗಳ ಮೂಲಕ. ಪನ್ವೆಲ್–ಇಂದಾಪುರ ಹಂತದ ಅಗಲೀಕರಣ 2011ರಲ್ಲಿ ಶುರುವಾದದ್ದು. ಅದರ ಕಥೆ ಹೇಳತೊಡಗಿದರೆ ಪುರವಣಿಯ ಪುಟ ಸಾಲದು. ಇನ್ನೊಂದು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ. ಸುತ್ತು ಹೆಚ್ಚು, ರಸ್ತೆ ಅಗಲ. ಹೆಂಗಸರು ಮಕ್ಕಳಿದ್ದರೆ ಬಹಳಷ್ಟು ಮನೆಗಳಲ್ಲಿ ಹಿರಿಯರು ಒಪ್ಪುವುದು ಇದನ್ನೇ.

ಈ ಘಟ್ಟಗಳ ಒದ್ದೆ ತಿರುವುಗಳಲ್ಲಿ ನಾಲ್ಕು ಚಕ್ರದ ಸೆಡಾನ್ ನಿಜಕ್ಕೂ ಸುಖ ಕೊಡುತ್ತದೆ. ಎಸ್‌ಯುವಿಯಂತೆ ಮೈ ವಾಲುವುದಿಲ್ಲ, ತಿರುವಿನಿಂದ ಹೊರಬರುವಾಗ ಹಿಂಭಾಗ ಜಾರುವುದಿಲ್ಲ. ಹಳೆಯ ವಿ6 ಸೆಡಾನ್ ಇಟ್ಟಿದ್ದ ಹೋಟೆಲು ಉದ್ಯಮಿಯೊಬ್ಬರು ಈಗಲೂ ಅರಬೈಲಿನ ಏರಿನ ಮಾತೆತ್ತಿದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಲಾರಿಯನ್ನು ದಾಟಲು ಸಿಗುವ ಚಿಕ್ಕ ನೇರ ರಸ್ತೆಯಲ್ಲಿ ಅದು ಹಾರಿದ ರೀತಿಯನ್ನು ಕೈಯಲ್ಲೇ ತೋರಿಸುತ್ತಾರೆ. ಇಳಿಯುವಾಗ? ಇಳಿಯುವಾಗ ಎಲ್ಲರ ಹಾಗೆ ಗೇರು ಇಳಿಸಿಕೊಂಡು, ನಿಧಾನಕ್ಕೆ.

ಆ ದಾರಿಯ ದೊಡ್ಡ ಅಪಾಯಗಳಿಗೂ ಚಕ್ರದ ಎಳೆತಕ್ಕೂ ಸಂಬಂಧವಿಲ್ಲ ಎಂಬುದು ಬೇರೆ ಮಾತು. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ ಕುಸಿದು ಎರಡು ಎಸ್‌ಟಿ ಬಸ್ಸುಗಳು ಕೊಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ, ಗಂಗಾವಳಿ ನದಿಗಿಳಿಯಿತು. ಅಂಥ ದಿನಗಳಲ್ಲಿ ಕಾರು ಯಾವುದು ಅನ್ನುವುದಕ್ಕಿಂತ ಹೊರಡದೆ ಉಳಿಯುವ ತೀರ್ಮಾನ ಮುಖ್ಯ. ಮಳೆಗಾಲದ ಆಟಿ ತಿಂಗಳಲ್ಲಿ ಪ್ರಯಾಣ ಬೇಡ ಎನ್ನುತ್ತಿದ್ದ ಹಿರಿಯರನ್ನು ಮೂಢನಂಬಿಕೆಯವರೆಂದು ನಗುವವರು ಈ ಎರಡು ತಾರೀಖುಗಳನ್ನು ನೋಡಲಿ.

ಪುಣೆ ಎಕ್ಸ್‌ಪ್ರೆಸ್‌ವೇ ಈ ಕಾರುಗಳ ಭಾನುವಾರದ ಅಂಗಳ. ಬೆಳಿಗ್ಗೆ ಐದೂವರೆಗೆ ಕಳಂಬೋಲಿಯಿಂದ ಹೊರಟು ಲೋನಾವಳದಲ್ಲಿ ಬನ್ ಮಸ್ಕಾ ತಿಂದು ವಾಪಸು. ಬಯಲಿನಲ್ಲಿ ಗಂಟೆಗೆ 100, ಘಾಟಿನಲ್ಲಿ 60 ಮಿತಿ. ಮೇಲೆ ಕ್ಯಾಮೆರಾಗಳ ಸಾಲು. 2024ರ ಜನವರಿಯಲ್ಲಿ ತೆರೆದ 21.8 ಕಿಲೋಮೀಟರಿನ ಅಟಲ್ ಸೇತುವಿನಲ್ಲೂ ನೂರೇ ಮಿತಿ. ನಾಲ್ಕು ಸೆಕೆಂಡಿಗೆ ನೂರು ಮುಟ್ಟುವ ಕಾರಿನ ಮಾಲೀಕರಿಗೆ ಐದನೇ ಸೆಕೆಂಡಿನಿಂದ ಚಲನ್ನಿನ ಚಿಂತೆ. ಎಲೆಕ್ಟ್ರಿಕ್ ಕೊಂಡವರಿಗೆ 2025ರ ಆಗಸ್ಟಿನಿಂದ ಅಟಲ್ ಸೇತುವಿನ ಟೋಲ್ ಇಲ್ಲವೆಂಬ ಸಮಾಧಾನವಾದರೂ ಇದೆ. ಐರೋಲಿ, ವಾಶಿ, ಮುಲುಂಡ್ ನಾಕಾಗಳಲ್ಲಿ ಮುಂಬಯಿ ಪ್ರವೇಶದ ಟೋಲು 2024ರ ಅಕ್ಟೋಬರಿನಿಂದ ಎಲ್ಲ ಕಾರುಗಳಿಗೂ ಮಾಫಿ. ದುಬಾರಿ ಸೆಡಾನಿಗೂ ವ್ಯಾಗನ್‌ಆರ್‌ಗೂ ಅಲ್ಲಿ ಭೇದವಿಲ್ಲ.

ನಾಲ್ಕು ಚಕ್ರದ ಸೆಡಾನಿಗೆ ಸಲ್ಲುವ ಊರು ಯಾವುದೆಂದು ತಿಳಿಯಬೇಕಾದರೆ ಇಲ್ಲಿಂದಲೇ ಹೋದ ಮಕ್ಕಳನ್ನು ಕೇಳಬೇಕು. ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಓದಿ ಅಮೆರಿಕ, ಕೆನಡಾ ಸೇರಿದವರು ಎಷ್ಟಿಲ್ಲ! ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವಿರಲಿ, ಬಾಸ್ಟನ್ ಕಡೆಯ ಮಂದಾರ ಕನ್ನಡ ಕೂಟವಿರಲಿ, ದೀಪಾವಳಿ ಕಾರ್ಯಕ್ರಮದ ಹೊತ್ತಿಗೆ ಅಲ್ಲಿ ಚಳಿ ಶುರುವಾಗಿರುತ್ತದೆ, ಯುಗಾದಿಯ ಹೊತ್ತಿಗೂ ಹಿಮ ಪೂರ್ತಿ ಹೋಗಿರುವುದಿಲ್ಲ. ಅಲ್ಲಿ ಈ ಕಾರು ಐಷಾರಾಮವಲ್ಲ, ಬೆಳಿಗ್ಗೆ ಮನೆಯ ಡ್ರೈವ್‌ವೇ ಬಿಟ್ಟು ಹೊರಡುವ ಸಾಧನ. ಬಿಡದಿಯಲ್ಲಿ ಜೋಡಣೆಯಾಗಿ ಇಲ್ಲಿ ಮಾರುವ ಟೊಯೋಟಾ ಕ್ಯಾಮ್ರಿ ಮುಂದಿನ ಚಕ್ರದ್ದು ಮಾತ್ರ. ಅದೇ ಕ್ಯಾಮ್ರಿ ಅಮೆರಿಕದಲ್ಲಿ ಹಿಂದೊಂದು ಮೋಟಾರು ಸೇರಿಸಿಕೊಂಡು ನಾಲ್ಕೂ ಚಕ್ರದಲ್ಲಿ ಸಿಗುತ್ತದೆ. ಅಲ್ಲಿ ದಶಕಗಳ ಕಾಲ ಮಧ್ಯಮ ವರ್ಗದ ಆಲ್ ವೀಲ್ ಡ್ರೈವ್ ಸೆಡಾನ್ ಎಂದರೆ ಸುಬಾರು ಲೆಗಸಿ. 2025ರಲ್ಲಿ ಅದರ ಉತ್ಪಾದನೆಯೂ ನಿಂತಿತು. ಅಲ್ಲೂ ಜನ ಎಸ್‌ಯುವಿ ಕಡೆಗೇ ಹೋದರು.

ಹಿಮದ ದೇಶದವರೂ ಟೈರನ್ನೇ ಮುಂದಿಡುತ್ತಾರೆ ಅನ್ನುವುದು ನನಗೆ ಕುತೂಹಲದ ಸಂಗತಿ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕಿಸುವುದು ಕಾನೂನಿನ ಕಡ್ಡಾಯ. ನಿಮ್ಮದು ಆಲ್ ವೀಲ್ ಡ್ರೈವ್ ಇರಲಿ ಬಿಡಲಿ, ವಿನಾಯಿತಿಯಿಲ್ಲ. ನಮ್ಮ ಕಾನೂನಿನಲ್ಲೂ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದಿದೆ. ಮಳೆಗಾಲದಲ್ಲಿ ಅಷ್ಟರವರೆಗೆ ಕಾಯುವುದೂ ತಡವೇ. ನೀರನ್ನು ಬದಿಗೆ ತಳ್ಳಲು ಆಳವಿಲ್ಲದಿದ್ದರೆ ಎಕ್ಸ್‌ಪ್ರೆಸ್‌ವೇ ವೇಗದಲ್ಲಿ ಟೈರು ನೀರಿನ ಪದರದ ಮೇಲೆ ತೇಲುತ್ತದೆ, ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಐವತ್ತು ಲಕ್ಷದ ಕಾರಿಗೆ ಬೋಳು ಟೈರು ಹಾಕಿಕೊಂಡು ಓಡಾಡುವವರನ್ನು ಸೊಸೈಟಿಗಳಲ್ಲಿ ನಾನು ಕಾಣುತ್ತಿರುತ್ತೇನೆ.

ಇನ್ನೊಂದು ತಮಾಷೆಯನ್ನು ಹೇಳದೆ ಬಿಡಲಾರೆ. ಸೆಡಾನ್ ಬಿಟ್ಟು ಎಸ್‌ಯುವಿಗೆ ಹೋದ ನಮ್ಮವರಲ್ಲಿ ಬಹುಪಾಲು ಜನ ನಾಲ್ಕು ಚಕ್ರದ ಗಾಡಿ ಬಂತೆಂದೇ ತಿಳಿದಿದ್ದಾರೆ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಎತ್ತ ನೋಡಿದರೂ ಕಾಣುವ ಕ್ರೆಟಾ ಭಾರತದಲ್ಲಿ ಮುಂದಿನ ಎರಡು ಚಕ್ರದ ಕಾರು. ಆ ಗಾತ್ರದಲ್ಲಿ ನಾಲ್ಕರ ಎಳೆತ ಕೊಟ್ಟ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್ 2022ರಲ್ಲಿ ಬಿಡದಿಯಿಂದಲೇ ಹೊರಬಂದವು; ಕೊಂಡವರಲ್ಲಿ ಆ ಮಾದರಿ ಕೇಳಿದವರು ವಿರಳ. ಎತ್ತರವನ್ನೇ ಜನ ಶಕ್ತಿ ಎಂದು ಓದಿಕೊಂಡಿದ್ದಾರೆ. ಗುಂಡಿಯ ಊರಿನಲ್ಲಿ ಆ ಓದು ಪೂರ್ತಿ ತಪ್ಪೂ ಅಲ್ಲ.

ನನ್ನ ತೀರ್ಪು ಹೀಗೆ. ಬಲವಾದ ಎಂಜಿನ್ನಿನ ಸೆಡಾನ್ ಓಡಿಸುವ ಸಂತೋಷಕ್ಕೆ, ಘಟ್ಟದ ತಿರುವುಗಳ ಸುಖಕ್ಕೆ ಈ ಕಾರು ಕೊಳ್ಳುವವರು ಕೊಳ್ಳಲಿ. ಆ ಸಂತೋಷ ಸಾಚಾ, ಅದಕ್ಕೆ ಸಬೂಬು ಬೇಕಿಲ್ಲ. ಮಳೆಗೆಂದು, ಠಾಣೆ–ಡೊಂಬಿವಲಿಯ ರಸ್ತೆಗೆಂದು ಕೊಳ್ಳುವುದಾದರೆ ಬೇಡ. ಆ ಹೆಚ್ಚುವರಿ ಲಕ್ಷಗಳಲ್ಲಿ 170 ಮಿಲಿಮೀಟರಿಗಿಂತ ಎತ್ತರದ ಯಾವುದಾದರೂ ಸಾಧಾರಣ ಕಾರು, ಜೂನ್‌ಗೆ ಮುಂಚೆ ಒಳ್ಳೆಯ ನಾಲ್ಕು ಟೈರು, ಎಂಜಿನ್ ಪ್ರೊಟೆಕ್ಷನ್ ಇರುವ ವಿಮೆ ತೆಗೆದುಕೊಂಡರೆ ಉಳಿದ ಹಣ ಬ್ಯಾಂಕಿನಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ನೋಡುವವರು ಹಿಂದಿನ ಡಿಫರೆನ್ಷಿಯಲ್ ಮತ್ತು ಕ್ಲಚ್ ಎಣ್ಣೆಯ ಸರ್ವಿಸ್ ದಾಖಲೆ ಕೇಳಿ. ಇಲ್ಲವೆಂದರೆ ಬೆಲೆ ಇಳಿಸುವುದಕ್ಕಿಂತ ಎದ್ದು ಬರುವುದು ಮೇಲು. ನಿಮ್ಮ ಕಟ್ಟಡದಲ್ಲಿ ಯಂತ್ರದ ಪಾರ್ಕಿಂಗ್ ಇದ್ದರೆ ಅದರ ತೂಕದ ಮಿತಿ ಕಾರ್ಯದರ್ಶಿಯಲ್ಲಿ ವಿಚಾರಿಸಿ, ಎರಡು ಮೋಟಾರಿನ ಬಿವೈಡಿ ಸೀಲ್ 2,185 ಕಿಲೋ ತೂಗುತ್ತದೆ. ಕೊನೆಗೊಂದು ಮಾತು: ಟೆಸ್ಟ್ ಡ್ರೈವ್ ಕೊಡುವವರು ನಿಮ್ಮನ್ನು ಪಾಮ್ ಬೀಚ್ ರಸ್ತೆಗೆ ಕರೆದೊಯ್ಯಲು ನೋಡುತ್ತಾರೆ. ಒಪ್ಪಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಿಮ್ಮ ಸೊಸೈಟಿಯ ಇಳಿಜಾರು ಮತ್ತು ಗೇಟಿನ ಮುಂದಿನ ಹಂಪನ್ನು ಅದೇ ಗಾಡಿಯಲ್ಲಿ ಒಮ್ಮೆ ಹತ್ತಿ ಇಳಿದು ನೋಡಿ. ಮುಂಗಡ ಆಮೇಲೆ ಕೊಡಿ.